ಇಪ್ಪತ್ತೊಂದು ದಿನದ ನೀರು

"ಗೋಡೆಯ ಕೆಳಗೆ ಯಾರಾದ್ರೂ ಪೊಳ್ಳು ಬಿಡ್ತಾರಾ?" ಎಂದು ಮೇಸ್ತ್ರಿ ಬೆಳಗಿನ ಚಹಾ ಕುಡಿಯುತ್ತಾ ಕೇಳಿದ. ಕೇಳಿದ್ದು ಸೊಸೆಯನ್ನು, ನೋಡಿದ್ದು ಹೆಂಡತಿಯ ಮುಖವನ್ನು. ಸೊಸೆಯ ಮೇಲೆ ಸಿಟ್ಟು ಬಂದಾಗಲೆಲ್ಲ ಅವನು ಮಾತನ್ನು ಹೀಗೆ ಹೆಂಡತಿಯ ಮೂಲಕವೇ ಕಳಿಸುತ್ತಿದ್ದ.

"ಪೊಳ್ಳಲ್ಲ ಮಾವ. ಅದರಲ್ಲಿ ಜಲ್ಲಿ ತುಂಬ್ತೀನಿ," ಅಂದಳು ಸೊಸೆ.

"ಜಲ್ಲಿ ಮಧ್ಯೆ ಏನಿರುತ್ತೆ?"

"ಗಾಳಿ."

"ಅದನ್ನೇ ಪೊಳ್ಳು ಅನ್ನೋದು."

ಮೂಲೆಯ ಮಂಚದ ಮೇಲಿದ್ದ ಅಜ್ಜಿ, ಅಂದರೆ ಮೇಸ್ತ್ರಿಯ ತಾಯಿ, ಲೋಟ ಮುಂದೆ ಚಾಚಿ, "ಇನ್ನೊಂಚೂರು ಚಹಾ ಹಾಕಿ, ಆಮೇಲೆ ಬೇಕಾದ್ರೆ ಹೊಡೆದಾಡಿ," ಅಂದಳು.

ಆ ಬೀದಿಯಲ್ಲಿ ಮೇಸ್ತ್ರಿಗೆ ರಸಮಟ್ಟ ಎಂದೇ ಹೆಸರು. ಬೇರೆಯವರ ಮನೆಗೆ ಊಟಕ್ಕೆ ಹೋದರೂ ಅವರ ಗೋಡೆ ವಾಲಿದೆಯೋ ಇಲ್ಲವೋ ಎಂದು ಒಂದು ಕಣ್ಣು ಮುಚ್ಚಿ ನೋಡದೆ ತುತ್ತು ಬಾಯಿಗಿಡುವವನಲ್ಲ. ನಲವತ್ತು ವರ್ಷ ಇಟ್ಟಿಗೆ, ಸಿಮೆಂಟು, ಕರಣೆ ಬಿಟ್ಟು ಬೇರೆ ಮಾತಿಲ್ಲ. ಅಂಥವನ ಮನೆಗೆ ಬಂದ ಸೊಸೆ ಹುಲ್ಲಿನ ಗೋಡೆ ಕಟ್ಟುವವಳು. ಯಂತ್ರದಲ್ಲಿ ಒತ್ತಿ ಹುರಿ ಬಿಗಿದ ಪೆಟ್ಟಿಗೆಯಂಥ ಹುಲ್ಲಿನ ಪೆಂಡಿಗಳನ್ನು ಒಂದರ ಮೇಲೊಂದು ಪೇರಿಸಿ, ಎರಡೂ ಕಡೆ ಸುಣ್ಣದ ಗಾರೆ ಬಳಿದು ಮನೆ ಮಾಡುವ ಗುಂಪೊಂದರಲ್ಲಿ ಅವಳಿಗೆ ಕೆಲಸ. ಅಲ್ಲಿ ಅವಳ ಪಾಲಿನದು ಗೋಡೆಯ ತಳ. ಅವಳು ಕೂರಿಸಿದ ತಳ ನೋಡಿಯೇ ಉಳಿದವರು ಪೆಂಡಿ ಎತ್ತುತ್ತಿದ್ದರು. ಮನೆಯಲ್ಲಿ ಮಾತ್ರ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಮನೆಯೋ, ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಕೋಣೆ ಮೇಸ್ತ್ರಿ ದಂಪತಿಗಳದು. ನಡುಮನೆಯ ಒಂದು ಮೂಲೆ ಅಜ್ಜಿಯದು. ಇನ್ನೊಂದು ಮೂಲೆಗೆ ಪರದೆ ಕಟ್ಟಿಕೊಂಡು ಮಗ ಸೊಸೆ ಮಲಗುತ್ತಿದ್ದರು, ಆರು ವರ್ಷದಿಂದ. ಮಗ ಬಸ್ ಡ್ರೈವರು. ಬೆಳಗಿನ ಜಾವಕ್ಕೇ ಎದ್ದು ಶೂ ಕೈಯಲ್ಲಿ ಹಿಡಿದು ಅಜ್ಜಿಯನ್ನು ದಾಟಿಕೊಂಡು ಹೋಗಬೇಕು. ಅಜ್ಜಿ ಕಣ್ಣು ಬಿಡದೆ, "ನಿಧಾನ ಹೋಗೋ, ಬ್ರೇಕ್ ನೋಡ್ಕೋ," ಅನ್ನುವಳು. ಪರದೆಯೊಳಗೆ ಗಂಡಹೆಂಡತಿ ಪಿಸುಗುಟ್ಟಿದ್ದಕ್ಕೂ ಒಮ್ಮೊಮ್ಮೆ ಹೊರಗಿನಿಂದ ಉತ್ತರ ಬರುತ್ತಿತ್ತು. ಕೊನೆಗೆ ಮಗ ರೋಸಿಹೋಗಿ ಬಸ್ ಡಿಪೋ ಪಕ್ಕ ಎರಡು ಕೋಣೆಯ ಬಾಡಿಗೆ ಮನೆ ನೋಡಿಟ್ಟ. ಆ ಮನೆಯ ಮಾಲೀಕ ಎರಡು ತಿಂಗಳು ಕಾಯುತ್ತೇನೆ ಅಂದಿದ್ದ.

ಈ ಸುದ್ದಿ ಕೇಳಿದ ದಿನ ಅತ್ತೆ ಆಲೂಗಡ್ಡೆ ಹೆಚ್ಚುತ್ತಾ ಹೆಚ್ಚುತ್ತಾ ಎರಡು ದಿನಕ್ಕಾಗುವಷ್ಟು ಹೆಚ್ಚಿಟ್ಟಳು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅವಳು ಅನ್ನುವವಳೇ ಅಲ್ಲ.

"ಹಿತ್ತಿಲಲ್ಲಿ ಒಂದು ಕೋಣೆ ನಾನೇ ಹಾಕ್ತೀನಿ," ಎಂದದ್ದು ಸೊಸೆ. "ಹುಲ್ಲಿಂದು. ಬೇಗ ಏಳುತ್ತೆ, ಹಗುರ."

"ಹುಲ್ಲು ದನಕ್ಕೆ. ಕಟ್ಟೋದಾದ್ರೆ ಇಟ್ಟಿಗೆಯಲ್ಲಿ ಕಟ್ತೀನಿ."

"ಹಿತ್ತಿಲದು ಹೊರಗಿಂದ ತಂದು ತುಂಬಿದ ಮಣ್ಣು ಮಾವ. ಭಾರ ತಡೆಯಲ್ಲ. ನೀವು ಕಟ್ಟಿದ ಬಚ್ಚಲು ಬಿರುಕು ಬಿಟ್ಟಿಲ್ವಾ?"

ಬಚ್ಚಲಿನ ಬಿರುಕು ಆ ಮನೆಯಲ್ಲಿ ಎಲ್ಲರೂ ನೋಡಿದ್ದ, ಯಾರೂ ಎತ್ತದಿದ್ದ ವಿಷಯ. ಮೇಸ್ತ್ರಿ ತಟ್ಟೆ ಸರಿಸಿ ಎದ್ದ. ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ: "ಕಟ್ಟಲಿ. ಮಳೆ ಬರಲಿ. ತಳಕ್ಕೆ ತೇವ ಹತ್ತಿ ಅಣಬೆ ಏಳುತ್ತೆ, ಆಗ ಮಾತಾಡ್ತೀನಿ."

"ತಳ ಒದ್ದೆಯಾದ್ರೆ ನಾನೇ ಕೆಡವಿ, ಅವತ್ತೇ ಬಾಡಿಗೆ ಮನೆಗೆ ಹೋಗ್ತೀವಿ," ಅಂದಳು ಸೊಸೆ. ಬಾಯಿಂದ ಮಾತು ಜಾರಿತ್ತು. ಮಗ ಹೆಂಡತಿಯ ಕಡೆ, ಇದೇನು ಅಂದೆ ನೀನು ಎಂಬಂತೆ ನೋಡಿದ.

ಮರುವಾರದಿಂದ ಕೆಲಸ ಶುರುವಾಯಿತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ರಜೆಯ ದಿನ ಪೂರ್ತಿ. ಗುಂಪಿನ ಇಬ್ಬರು ಹೆಂಗಸರು ಆಗಾಗ ಕೈಜೋಡಿಸಿದರು. ಮೊದಲು ನೆಲದಿಂದ ಮೊಣಕಾಲೆತ್ತರಕ್ಕೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಕೆಳಗಿನ ತೇವ ಏರದಂತೆ ತಾರಿನ ಹಾಳೆ. ಅದರ ಮೇಲೆ ಗೋಡೆಯ ಎರಡು ಅಂಚಿಗೂ ಒಂದೊಂದು ಮರದ ತೊಲೆ, ತೊಲೆಗಳ ನಡುವೆ ಜಲ್ಲಿ. ಕಟ್ಟೆಯಲ್ಲಿ ಹೂತ ಬೋಲ್ಟುಗಳು ತೊಲೆಯನ್ನು ತೂರಿ ಮೇಲೆ ಬಂದಿದ್ದವು, ಅವಕ್ಕೆ ನಟ್ಟು ಬಿಗಿಯಬೇಕು. ತೊಲೆಗೆ ನೆಟ್ಟ ಚೂಪು ಗೂಟಗಳಿಗೆ ಮೊದಲ ಸಾಲಿನ ಪೆಂಡಿಗಳನ್ನು ಚುಚ್ಚಿ ಕೂರಿಸಬೇಕು. ಬಿರುಗಾಳಿಗೂ ಗೋಡೆ ಜರುಗಬಾರದು. ಒಳಗೆ ನೀರು ಹೊಕ್ಕರೂ ನಿಲ್ಲದೆ ಜಲ್ಲಿಯಲ್ಲಿಳಿದು ತೊಲೆಯ ಕೆಳಗಿನ ಕಿಂಡಿಗಳಿಂದ ಆಚೆ ಹೋಗಬೇಕು.

ಮೇಸ್ತ್ರಿ ಆ ಕಡೆ ತಲೆಯನ್ನೂ ಹಾಕುವುದಿಲ್ಲ ಎಂದು ಸಾರಿದ್ದ. ಆದರೆ ತೊಲೆ ಕೂರಿಸಿದ ಮರುದಿನ, ಸೊಸೆ ಹಲ್ಲುಜ್ಜಲು ಹೊರಬಂದಾಗ, ಅವನು ರಸಮಟ್ಟವನ್ನು ತೊಲೆಯ ಮೇಲಿಟ್ಟು ಬಗ್ಗಿ ನೋಡುತ್ತಿದ್ದ. ಅದರ ಗಾಜಿನ ನಳಿಕೆಯೊಳಗಿನ ಗುಳ್ಳೆ ನಡುಗೀಟಿನಲ್ಲಿ ನಿಂತಿತ್ತು. ನಾಲ್ಕು ಕಡೆ ಇಟ್ಟ, ನಾಲ್ಕು ಕಡೆಯೂ ನಿಂತಿತು. ಅವನಿಗೆ ಇದರಿಂದ ಖುಷಿಯೇನೂ ಆದಂತೆ ಕಾಣಲಿಲ್ಲ.

"ಬೋಲ್ಟಿಗೆ ಅಗಲ ವಾಷರ್ ಹಾಕು," ಅಂದ, ಈ ಸಲ ನೇರ ಅವಳಿಗೇ. "ಇಲ್ಲದಿದ್ರೆ ನಟ್ಟು ಮರದೊಳಗೆ ಇಳಿಯುತ್ತೆ."

"ಹಾಕ್ತೀನಿ ಮಾವ."

"ಪೊಳ್ಳು ಪೊಳ್ಳೇ," ಎಂದು ಸೇರಿಸಿ ಹೋದ.

ನಾಲ್ಕನೇ ವಾರಕ್ಕೆ ಗೋಡೆ ಎದ್ದಿತು, ಸೂರು ಮೂರಡಿ ಹೊರಚಾಚಿ ಕೂತಿತು, ಸುಣ್ಣದ ಗಾರೆ ಬಳಿದದ್ದೂ ಆಯಿತು. ಗಾರೆ ಬಳಿದ ಮರುದಿನ ಬೆಳಿಗ್ಗೆ ಸೊಸೆಗೆ ಕೆಲಸಕ್ಕೆ ಹೊತ್ತಾಗಿತ್ತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದಕ್ಕೆ ಹುಡುಕುತ್ತಾ, "ಅತ್ತೆ, ಗಾರೆ ಒಂದೇ ಸಲ ಒಣಗಿದ್ರೆ ಸೀಳುತ್ತೆ. ಐದು ದಿನ ಮಧ್ಯಾಹ್ನ ಒಂಚೂರು ನೀರು ಚಿಮುಕಿಸ್ತೀರಾ?" ಅಂದಳು.

"ಅದನ್ನ ನನಗೆ ಹೇಳ್ಬೇಕಾ?" ಅಂದಳು ಅತ್ತೆ. ಅಪರೂಪಕ್ಕೆ ಅವಳ ಮುಖ ಅರಳಿತು.

ಹೇಳಬೇಕಿರಲಿಲ್ಲ ನಿಜ. ಮೇಸ್ತ್ರಿ ಕಟ್ಟಿದ ಗೋಡೆಗಳಿಗೆಲ್ಲ ನೀರುಣಿಸಿದವಳು ಅವಳೇ. ಸಿಮೆಂಟಿನ ಗೋಡೆ ಇಪ್ಪತ್ತೊಂದು ದಿನ ನೀರು ಕುಡಿಯಬೇಕು ಎಂಬುದು ಆ ಮನೆಯ ಕಟ್ಟಳೆ. ಈ ಮನೆ ಕಟ್ಟುವಾಗ ಕಂಕುಳಲ್ಲಿ ಮಗನನ್ನು ಇರುಕಿಕೊಂಡೇ ನೀರು ಹೊತ್ತಿದ್ದಳು. ಈಗಲೂ ಹಿಂದಿನ ಬೀದಿಯಲ್ಲಿ ಮೇಸ್ತ್ರಿ ಕಟ್ಟುತ್ತಿದ್ದ ಕಾಂಪೌಂಡ್ ಗೋಡೆಗೆ ದಿನಾ ಬೆಳಿಗ್ಗೆ ಬಕೆಟ್ ಹಿಡಿದು ಹೋಗಿ ಬರುವವಳು ಅವಳು. ಬೀದಿಯ ಜನ ಗೋಡೆ ಮುಟ್ಟಿ ನೋಡಿ "ಮೇಸ್ತ್ರಿ ಕೈ ಅಂದ್ರೆ ಕೈ" ಅನ್ನುತ್ತಿದ್ದರು.

ಮಳೆ ಹಿಡಿಯಿತು. ಸೊಸೆಯ ಬಳಿ ತೇವ ಅಳೆಯುವ ಸಲಾಕೆಯೊಂದಿತ್ತು, ಉದ್ದ ಸೂಜಿಯ ತುದಿಗೆ ಅಂಕಿ ತೋರಿಸುವ ಡಬ್ಬಿ. ಭಾನುವಾರ ಭಾನುವಾರ ಅದನ್ನು ಗೋಡೆಯ ತಳದಲ್ಲಿ ನಾಲ್ಕು ಮೂಲೆಗೂ ಚುಚ್ಚುವಳು. ಇಪ್ಪತ್ತು ದಾಟಿದರೆ ಹುಲ್ಲು ಕೊಳೆಯುತ್ತದೆ. ಮೊದಲ ಭಾನುವಾರ ಎಲ್ಲ ಕಡೆ ಹದಿಮೂರು. ಸಂಜೆ ಮಗ ಹೊಸ ಕೋಣೆಗೆ ಮಂಚ ಸಾಗಿಸುವ ಮಾತೆತ್ತಿದ. ಮೇಸ್ತ್ರಿ, "ತಿಂಗಳು ಕಳೀಲಿ," ಅಂದ.

ಎರಡನೇ ಭಾನುವಾರ ನಲ್ಲಿಯ ಕಡೆಯ ಮೂಲೆಯಲ್ಲಿ ಹದಿನೆಂಟು.

ಸೊಸೆ ಮತ್ತೊಮ್ಮೆ ಚುಚ್ಚಿದಳು. ಹದಿನೆಂಟೇ. ಆವತ್ತಿನಿಂದ ಅವಳು ಕೂತಲ್ಲಿ ಕೂರಲಿಲ್ಲ. ಊಟದ ನಡುವೆ ಎದ್ದು ಹೋಗಿ ಗೋಡೆ ಮುಟ್ಟಿ ಬರುವಳು, ಪಾತ್ರೆ ಅರ್ಧ ತೊಳೆದು ಬಿಟ್ಟು ಓಡುವಳು. ಬುಧವಾರಕ್ಕೆ ಇಪ್ಪತ್ತೊಂದು. ಸೂರಿನ ಕೆಳಗೆ ಮಳೆಯ ಹನಿ ತಾಕಿದ ಗುರುತಿಲ್ಲ. ಮತ್ತೆ ನೀರು ಎಲ್ಲಿಂದ? ಮೇಸ್ತ್ರಿ ಸಂಜೆ ಕೆಲಸದಿಂದ ಬಂದು ಕರಣೆ, ಬಾಂಡಲಿ ತೊಳೆಯುವುದು ಅದೇ ನಲ್ಲಿಯಲ್ಲಿ ಎಂಬುದು ಅವಳಿಗೆ ಹೊಳೆಯಿತು. ಹೊಳೆದದ್ದೇ ತಡ, ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ಮಾವ, ಬಾಂಡಲಿ ತೊಳೆದ ನೀರು ಗೋಡೆಗೆ ಎರಚ್ತೀರಾ?"

"ನಾನು ಮೋರಿಗೆ ಎರಚ್ತೀನಿ."

"ಹಾಗಾದ್ರೆ ಆ ಮೂಲೆ ಒಂದೇ ಯಾಕೆ ಒದ್ದೆ?"

"ಪೊಳ್ಳು ಬಿಟ್ಟಿದ್ದೀಯಲ್ಲ, ಅದನ್ನ ಕೇಳು."

"ನೀವು ಬೇಕಂತಲೇ ಮಾಡ್ತಿಲ್ಲ ತಾನೇ?"

ಮಗನ ಕೈಯ ತುತ್ತು ಅಲ್ಲೇ ನಿಂತಿತು. "ಏನೇ ಮಾತಾಡ್ತಿದ್ದೀಯ ನೀನು?"

"ನಿಮ್ಮಪ್ಪ ಮೊದಲ ದಿನವೇ ಅಂದಿದ್ರು, ಅಣಬೆ ಏಳುತ್ತೆ ಅಂತ. ಕಾಯ್ತಾ ಇದ್ದಾರೆ."

ಮೇಸ್ತ್ರಿಯ ಕತ್ತಿನ ನರ ಉಬ್ಬಿತು. "ನಲವತ್ತು ವರ್ಷದಲ್ಲಿ ಇನ್ನೊಬ್ಬರ ಗೋಡೆ ಕೆಡಿಸಿದವನಲ್ಲ ನಾನು. ನನ್ನ ವೈರಿ ಕಟ್ಟಿದ್ದಾದ್ರೂ ಕೆಡಿಸಲ್ಲ. ಕೇಳಿಸ್ತಾ?"

"ಇಡೀ ಬೀದಿಗೆ ಕೇಳಿಸಿದೆ," ಅಂದಳು ಅಜ್ಜಿ.

ಅತ್ತೆ ಎಲ್ಲರ ತಟ್ಟೆಗೂ ಕೇಳದೆಯೇ ಇನ್ನೊಂದು ಸೌಟು ಬೇಳೆ ಬಡಿಸಿದಳು. ಊಟ ಮುಗಿಯುವ ಮೊದಲೇ ಮಗನಿಗೆ ಫೋನು ಬಂತು, ಬಾಡಿಗೆ ಮನೆಯ ಮಾಲೀಕನದು. "ಭಾನುವಾರ ಹೇಳ್ತೀನಿ ಸಾರ್," ಅಂದ ಮಗ. ಆ ಮಾತು ಎಲ್ಲರ ಕಿವಿಗೂ ಬಿತ್ತು.

ಮಾರನೆಯ ದಿನ ಮಧ್ಯಾಹ್ನ ಜೋರು ಮಳೆ. ಮೇಸ್ತ್ರಿ ಕಾಂಪೌಂಡಿನ ಕೆಲಸ ನಿಲ್ಲಿಸಿ ಎರಡು ಗಂಟೆಗೇ ಮನೆಗೆ ಬಂದ. ಕೆಸರುಗಾಲು ತೊಳೆಯಲೆಂದು ಹಿತ್ತಿಲ ದಾರಿ ಹಿಡಿದವನು ಬಚ್ಚಲಿನ ಪಕ್ಕ ನಿಂತುಬಿಟ್ಟ.

ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಲ್ಲಿಯಡಿ ಬಕೆಟ್ ತುಂಬಿ, ಸೂರಿನ ಕೆಳಗೆ ಒಣಗಿದ್ದ ಗೋಡೆಗೆ ನೀರು ಹಾಕುತ್ತಿದ್ದಳು. ಸುತ್ತ ಮಳೆ ಧೋ ಎಂದು ಸುರಿಯುತ್ತಿದೆ, ಇವಳು ಚೊಂಬಿನಲ್ಲಿ ಮೊಗೆದು ಮೊಗೆದು ಎರಚುತ್ತಿದ್ದಾಳೆ. ಮೇಲಿನಿಂದ ಶುರುಮಾಡಿ, ಒಂದಿಂಚೂ ಬಿಡದೆ, ಕೊನೆಗೆ ನಲ್ಲಿಯ ಮೂಲೆಗೆ ಬಂದು ಬಕೆಟ್ಟಿನಲ್ಲಿ ಉಳಿದದ್ದನ್ನೆಲ್ಲ ಬುಡಕ್ಕೆ ಸುರಿದಳು. ತೊಲೆಯ ಕೆಳಗಿನ ಕಿಂಡಿಯಿಂದ ನೀರು ತೊಟ್ಟಿಕ್ಕಿತು. ಅವಳು ಅಂಗೈಯನ್ನು ಗೋಡೆಯ ಮೇಲಿಟ್ಟು ಒತ್ತಿ ನೋಡಿದಳು, ಗಟ್ಟಿಯಾಯಿತೋ ಎಂದು.

ಮೇಸ್ತ್ರಿ ಬಂದ ದಾರಿಯಲ್ಲೇ ಹಿಂದೆ ಹೋಗಿ, ಮುಂಬಾಗಿಲಿಗೆ ಬಂದು ಜೋರಾಗಿ ಕೆಮ್ಮಿದ. ಸಂಜೆ, "ಬಕೆಟ್ ನನಗೆ ಸೈಟಿಗೆ ಬೇಕು," ಎಂದು ತೆಗೆದುಕೊಂಡು ಹೋದ. ಮರುದಿನ ಅವಳು ಅಡುಗೆಮನೆಯ ದೊಡ್ಡ ಪಾತ್ರೆ ಬಳಸಿದಳು. ಪಾತ್ರೆಯ ತಳಕ್ಕೆ ಸುಣ್ಣ ಮೆತ್ತಿದ್ದನ್ನು ನೋಡಿ ಅವನು ಅದನ್ನೂ ಎತ್ತಿ ಅಟ್ಟದ ಮೇಲಿಟ್ಟ. ಅದರ ಮರುದಿನ ಚೊಂಬಿನಲ್ಲೇ ಹೊತ್ತಳು. ನೇರ ಹೇಳಿದರೆ, ಗೋಡೆ ಕೆಟ್ಟದ್ದು ನಿನ್ನಿಂದ ಎಂದು ಹೆಂಡತಿಗೆ ಹೇಳಿದಂತಾಗುತ್ತದೆ. ಹೇಳದಿದ್ದರೆ ಮಗ ಸೊಸೆ ಗಂಟುಮೂಟೆ ಕಟ್ಟುತ್ತಾರೆ. ಮೂರು ದಿನ ಅವನು ಮನೆಯಲ್ಲಿ ಯಾರ ಗೋಡೆಯ ಬಗ್ಗೆಯೂ ಮಾತಾಡಲಿಲ್ಲ. ಅಜ್ಜಿ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ," ಅಂದಳು.

ಭಾನುವಾರ ಮಧ್ಯಾಹ್ನ ಸೊಸೆ ಸಲಾಕೆ ಹಿಡಿದುಕೊಂಡೇ ಊಟಕ್ಕೆ ಬಂದಳು.

"ಇಪ್ಪತ್ತೈದು," ಅಂದಳು. ತಟ್ಟೆಯ ಮುಂದೆ ಕೂತಳು, ಕೈ ಹಾಕಲಿಲ್ಲ. "ಬೋಲ್ಟ್ ಹತ್ತಿರ ತಾರಿನ ಹಾಳೆ ಹರಿದಿರ್ಬೇಕು. ನನ್ನದೇ ತಪ್ಪು. ಮಾವ, ಅವತ್ತು ಏನೇನೋ ಅಂದೆ, ಮನಸ್ಸಿಗೆ ಹಚ್ಕೋಬೇಡಿ. ಊಟ ಆದ ಮೇಲೆ ಕೆಡವ್ತೀನಿ. ಮಾಲೀಕರಿಗೆ ಫೋನ್ ಮಾಡು," ಎಂದು ಗಂಡನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು. ಕೂರಿಸಿದ ತಳ ಕೈಕೊಟ್ಟದ್ದು ಅವಳಿಗೆ ಇದೇ ಮೊದಲು.

ಮಗ ಫೋನು ತೆಗೆದ.

"ಇಡು ಅದನ್ನ," ಅಂದ ಮೇಸ್ತ್ರಿ. ಕೆಮ್ಮಿದ. "ಹಾಳೆ ಹರಿದಿಲ್ಲ. ನೀರು ಹಾಕಿದ್ದು ನಾನು."

ಮಗ ಫೋನು ಕೆಳಗಿಟ್ಟ.

"ನೀನಾ?" ಅಂದ ಮಗ. "ಗೋಡೆಗಾ?"

"ಹೂಂ. ಗಟ್ಟಿಯಾಗ್ಲಿ ಅಂತ ದಿನಾ ಹಾಕ್ದೆ. ಅಭ್ಯಾಸ. ಬೈಯೋದಾದ್ರೆ ಬೈಯಿರಿ."

ಸೊಸೆ ಅವನನ್ನೇ ನೋಡುತ್ತಿದ್ದಳು. ಬೈಯಲು ಬಾಯಿ ತೆರೆದಿದ್ದಳೋ ಏನೋ, ಅಷ್ಟರಲ್ಲಿ ಮಂಚದ ಮೇಲಿಂದ ಅಜ್ಜಿಯ ಮಾತು ಬಂತು.

"ಲೋ, ಹೆತ್ತವಳು ನಾನು. ನಿನ್ನ ಸ್ನಾನಕ್ಕೇ ನೀನು ನೀರು ಎತ್ಕೊಂಡಿದ್ದು ನಾನು ನೋಡಿಲ್ಲ. ಗೋಡೆಗೆ ಹಾಕಿದ್ಯಾ?"

ಮಗ ಫಕ್ಕನೆ ನಕ್ಕುಬಿಟ್ಟ. ಯಾರೂ ಜೊತೆಗೂಡದ್ದನ್ನು ಕಂಡು ನಿಲ್ಲಿಸಿದ. ಅತ್ತೆ ಸೌಟು ಹಿಡಿದು ನಿಂತಿದ್ದಳು. ಅವಳ ಮುಖ ಬಿಳುಚಿಹೋಗಿತ್ತು. ಎಲ್ಲರೂ ನೋಡಿದರು, ಕೊನೆಗೆ ಮೇಸ್ತ್ರಿಯೂ.

"ನೀರಿಂದಲಾ ಅದು ಕೆಟ್ಟಿದ್ದು?" ಎಂದು ಕೇಳಿದಳು.

ಸೊಸೆ ಸಲಾಕೆಯನ್ನು ಕೆಳಗಿಟ್ಟಳು.

"ಐದು ದಿನ ಅಂದಿದ್ದೆನಲ್ಲ ಅತ್ತೆ," ಅಂದಳು ಸೊಸೆ ಮೆಲ್ಲಗೆ. "ಚಿಮುಕಿಸಿ ಅಂದಿದ್ದೆ."

"ಕೇಳಿಸ್ಕೊಂಡಿದ್ದೆ. ಐದು ದಿನಕ್ಕೆ ಯಾವ ಗೋಡೆ ಗಟ್ಟಿಯಾಗುತ್ತೆ? ನೀನು ಚಿಕ್ಕವಳು, ಕೆಲಸದ ಅವಸರ, ಗೊತ್ತಾಗಿಲ್ಲ ಅಂದ್ಕೊಂಡೆ. ಇಪ್ಪತ್ತೊಂದು ದಿನ ಹಾಕೋಣ ಅಂತ ಹಾಕ್ದೆ. ಆಮೇಲೆ ನೀವು ದಿನಾ ಹೋಗೋ ಮಾತು ಎತ್ತಿದ್ರಿ. ಗೋಡೆ ಗಟ್ಟಿಯಾದ್ರೆ ಹೋಗಲ್ಲ ಅಂತ ಇನ್ನೊಂದು ಬಕೆಟ್ ಜಾಸ್ತಿ ಹಾಕ್ದೆ." ಸೌಟನ್ನು ಪಾತ್ರೆಯೊಳಗಿಟ್ಟಳು. "ನಲವತ್ತು ವರ್ಷ ಇವರ ಗೋಡೆಗೆಲ್ಲ ನೀರು ಹಾಕಿದೀನಿ. ಒಬ್ಬರೂ ಒಂದು ದಿನ ತಿರುಗಿ ನೋಡಿಲ್ಲ. ಇದೊಂದು ಗೋಡೆಗೆ ಹಾಕಿದ್ದು ನೋಡಿದ್ರಿ, ಅದೂ ಕೆಟ್ಟ ಮೇಲೆ."

ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆಯ ಸದ್ದೂ ಇಲ್ಲ, ಅಳುವ ಸದ್ದೂ ಇಲ್ಲ. ಅದು ಎಲ್ಲರಿಗೂ ಹೆಚ್ಚು ಕಷ್ಟವಾಯಿತು. ಮೇಸ್ತ್ರಿ ತಟ್ಟೆಯಲ್ಲಿದ್ದುದನ್ನು ಕಲಸುತ್ತಲೇ ಇದ್ದ.

ಸೊಸೆ ಎದ್ದಳು. ಉಳಿ ಸುತ್ತಿಗೆ ತೆಗೆದುಕೊಂಡು ಹಿತ್ತಿಲಿಗೆ ನಡೆದಳು. ಮಗ ಹಿಂದೆ ಹೋದ. ಮೇಸ್ತ್ರಿ ಕೈ ತೊಳೆಯದೆಯೇ ಹೋದ.

ನಲ್ಲಿಯ ಮೂಲೆಯಲ್ಲಿ ಒಂದು ಮೊಳ ಅಗಲಕ್ಕೆ ಗಾರೆ ಕಿತ್ತಳು. ಕೆಳಗಿನ ಪೆಂಡಿಯ ಹೊರಮೈ ನಾಲ್ಕು ಬೆರಳಿನಷ್ಟು ಕಪ್ಪಾಗಿತ್ತು, ಮುಗ್ಗಲು ವಾಸನೆ. ಹಿಡಿ ಹಿಡಿ ಕಿತ್ತು ಹೊರಗೆ ಹಾಕಿದಳು. ಅದರ ಹಿಂದೆ ಹುಲ್ಲು ಹೊನ್ನಿನ ಬಣ್ಣಕ್ಕೇ ಇತ್ತು, ಮುರಿದರೆ ಚಟ್ ಎನ್ನುತ್ತಿತ್ತು. ಮೇಸ್ತ್ರಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಜಲ್ಲಿಯೊಳಗೆ ಕೈ ತೂರಿಸಿ ತಡಕಾಡಿದ. ಮೇಲಿನ ಕಲ್ಲು ತಣ್ಣಗಿದ್ದವು, ನೀರು ನಿಂತಿರಲಿಲ್ಲ. ಮರಕ್ಕೆ ಉಗುರು ಒತ್ತಿದ, ಇಳಿಯಲಿಲ್ಲ. ನಟ್ಟನ್ನು ಎರಡು ಬೆರಳಲ್ಲಿ ತಿರುಗಿಸಲು ನೋಡಿದ, ಜಪ್ಪಯ್ಯ ಅನ್ನಲಿಲ್ಲ.

"ಇಷ್ಟು ನೀರು ಕುಡಿಸಿದ್ರೆ ನನ್ನ ಬಚ್ಚಲು ಕೂತೇ ಹೋಗ್ತಿತ್ತು," ಅಂದ.

"ಮಾತು ಕೊಟ್ಟಿದ್ದೆ ಮಾವ," ಅಂದಳು ಸೊಸೆ. "ತಳ ಒದ್ದೆಯಾದ್ರೆ ಕೆಡವ್ತೀನಿ ಅಂತ."

"ತಳ ಎಲ್ಲಿ ಒದ್ದೆಯಾಗಿದೆ? ಒದ್ದೆಯಾಗಿರೋದು ತಳದ ಮೇಲಿಂದು. ತಳ ನೆಟ್ಟಗಿದೆ." ಎದ್ದು ಮೊಣಕಾಲಿನ ಸುಣ್ಣ ಒರೆಸಿಕೊಂಡ. "ಅದು ಪೊಳ್ಳಲ್ಲ," ಎಂದೂ ಅಂದ, ಆದರೆ ಬಚ್ಚಲಿನ ಕಡೆ ಮುಖ ಮಾಡಿ.

ಮಗ ಅಲ್ಲೇ ನಿಂತು ಫೋನು ಮಾಡಿದ. "ಸಾರ್, ಮನೆ ಬೇರೆಯವರಿಗೆ ಕೊಟ್ಬಿಡಿ," ಅಂದದ್ದು ಅಡುಗೆಮನೆಯ ಕಿಟಕಿಗೆ ಕೇಳುವಷ್ಟು ಜೋರಾಗಿತ್ತು. ಸೊಸೆ ಸಲಾಕೆ ಹಿಡಿದು ಒಳಗೆ ಹೋದಳು. ಅತ್ತೆ ಒಲೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು.

"ಅತ್ತೆ, ಇನ್ಮೇಲೆ ಇದು ನಿಮ್ಮ ಕೆಲಸ. ದಿನಾ ಮಧ್ಯಾಹ್ನ ಚುಚ್ಚಿ, ಅಂಕಿ ನೋಡಿ ನನಗೆ ಹೇಳಿ. ನೀರು ಮಾತ್ರ ಒಂದು ಹನಿ ಬೇಡ."

ಅತ್ತೆ ಸಲಾಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ನನ್ನನ್ನ ನಂಬ್ತೀಯಾ?"

"ನಂಬದೆ ಏನು? ಐದು ದಿನ ಅಂದ್ರೆ ಇಪ್ಪತ್ತೊಂದು ದಿನ ಮಾಡೋರು ನೀವು," ಅಂದಳು ಸೊಸೆ. ಅವಳ ಪಕ್ಕದಲ್ಲೇ ಕೂತು, ಆರಿಹೋಗಿದ್ದ ಊಟ ಬಡಿಸಿಕೊಂಡು ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು.

ಗೋಡೆಯ ಮೂಲೆ ಗಾಳಿಗೆ ತೆರೆದುಕೊಂಡೇ ಇತ್ತು. ಇಪ್ಪತ್ತೆರಡು, ಇಪ್ಪತ್ತು, ಹದಿನೆಂಟು ಎಂದು ಅತ್ತೆ ದಿನಾ ಸಂಜೆ ಒಪ್ಪಿಸುವಳು. ಹದಿನಾಲ್ಕಕ್ಕೆ ಇಳಿದ ದಿನ ಸೊಸೆ ಒಣಹುಲ್ಲು ತುಂಬಿ ಗಾರೆ ಬಳಿದು ಮುಚ್ಚಿದಳು. ಮಂಚ ಹೊಸ ಕೋಣೆಗೆ ಹೋಯಿತು, ಪರದೆ ಬಿಚ್ಚಿದರು. ನಡುಮನೆ ಬಿಕೋ ಎನ್ನುತ್ತಿದೆ ಎಂದು ಅಜ್ಜಿ ಗೊಣಗಿದಳು.

ಮರುದಿನ ಬೆಳಿಗ್ಗೆ ಅತ್ತೆ ಎದ್ದು ಹಿಂದಿನ ಬೀದಿಯ ಕಾಂಪೌಂಡಿಗೆ ಹೊರಟರೆ ಬಕೆಟ್ ಇರಲಿಲ್ಲ. ಅಲ್ಲಿ ಮೇಸ್ತ್ರಿ ಹಿಂದಿನ ದಿನ ಹೊಸ ಸಾಲು ಎತ್ತಿದ್ದ. ಹುಡುಕುತ್ತಿರುವಾಗ ಮುಂಬಾಗಿಲಿನಿಂದ ಮೇಸ್ತ್ರಿ ಒಳಗೆ ಬಂದ, ಕೈಯಲ್ಲಿ ಖಾಲಿ ಬಕೆಟ್. ಪ್ಯಾಂಟು ತೊಡೆಯವರೆಗೆ ತೊಪ್ಪೆ, ಒಂದು ಚಪ್ಪಲಿಯ ಪಟ್ಟಿ ಕಿತ್ತಿತ್ತು, ಬೆನ್ನು ಹಿಡಿದುಕೊಂಡು ಓರೆಯಾಗಿ ನಡೆಯುತ್ತಿದ್ದ.

"ಗೋಡೆಗೂ ಒಂಚೂರು ಬಿತ್ತೇನೋ?" ಎಂದು ಕೇಳಿದಳು ಅಜ್ಜಿ.

ಮೇಸ್ತ್ರಿ ಬಕೆಟ್ ಕೆಳಗಿಟ್ಟು ಮೆಲ್ಲಗೆ ಕುರ್ಚಿಯ ಮೇಲೆ ಕೂತು, ಹೆಂಡತಿಯ ಕಡೆ ನೋಡಿದ. "ಎಷ್ಟು ಸಲ ಹೊರಬೇಕೇ ಅಲ್ಲಿಗೆ? ನಾನು ಹನ್ನೆರಡು ಸಲ ಹೊತ್ತೆ. ಇನ್ನೂ ಅರ್ಧ ಗೋಡೆ ಒಣಗೇ ಇದೆ."

"ಇಪ್ಪತ್ತು," ಅಂದಳು ಅವಳು. ಚಹಾ ಲೋಟವನ್ನು ಅವನ ಕೈಗೆ ಕೊಟ್ಟು, ಬಕೆಟ್ ಎತ್ತಿ ಬಾಗಿಲ ಪಕ್ಕ, ಅವನ ಕಾಲಿನ ಹತ್ತಿರವೇ ಇಟ್ಟಳು. "ಕುಡಿದು ಹೋಗಿ. ಇವತ್ತು ಮೊದಲನೇ ದಿನ."